ಬ್ರಷ್ ಕಳಚಿಕೊಂಡ ಮೋಟಾರು: ಗಚ್ಚಿಬೌಲಿಯವರೆಗಿನ ಒಂದು ಯಂತ್ರೇತಿಹಾಸ

ಕೈಯಲ್ಲಿ ಹಿಡಿದ ಪ್ರೇಷಕದ ಸನ್ನೆಗೆ ದೂರದಿಂದಲೇ ಓಡುವ, ತೇಲುವ ಅಥವಾ ಹಾರುವ ಚಿಕ್ಕ ವಾಹನಗಳಿಗೆ ಆರ್‌ಸಿ ವಾಹನಗಳೆಂಬ ಹೆಸರು ರೂಢಿಯಲ್ಲಿದೆ. ಅವುಗಳನ್ನು ಇಂದು ಓಡಿಸುವುದು ಬಹುಮಟ್ಟಿಗೆ ಬ್ರಷ್‌ರಹಿತ ಮೋಟಾರು, ಅಂದರೆ ತಿರುಗುವ ಭಾಗಕ್ಕೆ ಇಂಗಾಲದ ತುಂಡು ಉಜ್ಜಿ ವಿದ್ಯುತ್ತು ಕೊಡುವ ಏರ್ಪಾಡಿಲ್ಲದ ಮೋಟಾರು. ಹೈದರಾಬಾದಿನ ಪಶ್ಚಿಮ ಅಂಚಿನ ಗಚ್ಚಿಬೌಲಿಯಲ್ಲಿ ರೋಬಾಟು, ಡ್ರೋನು, ಸ್ವಯಂಚಾಲಿತ ಚಿಕ್ಕ ಕಾರುಗಳ ಕೆಲಸ ಮಾಡುವವರಿಗೆ ಈ ಮೋಟಾರು ದಿನನಿತ್ಯದ ಸಾಮಗ್ರಿ. ಆದರೆ ಅದನ್ನು ಆರಿಸುವಾಗ ನೋಡುವ ಅಂಕಿಗಳೂ ತಂತಿ ಜೋಡಿಸುವಾಗ ಪಾಲಿಸುವ ನಿಯಮಗಳೂ ಒಬ್ಬರೇ ಕುಳಿತು ರೂಪಿಸಿದವಲ್ಲ; ಸುಮಾರು ಇನ್ನೂರು ವರ್ಷಗಳ ಬೇರೆ ಬೇರೆ ಕಾಲಗಳಲ್ಲಿ ಒಂದರ ಮೇಲೊಂದು ಕೂತ ಪದರಗಳು ಅವು. ಬ್ರಷ್ ಹೋದರೂ ಅದು ಮಾಡುತ್ತಿದ್ದ ಕೆಲಸ ಹೋಗಲಿಲ್ಲ, ಮೋಟಾರಿನಿಂದ ಹೊರಬಂದು ಇನ್ನೊಂದು ಪೆಟ್ಟಿಗೆಗೆ ಸೇರಿತು ಎಂಬುದೇ ಈ ಇತಿಹಾಸದ ತಿರುಳು. ಆರಿಸುವ ಮತ್ತು ಜೋಡಿಸುವ ನಿಯಮಗಳೆಲ್ಲ ಆ ಒಂದು ಸ್ಥಳಾಂತರದಿಂದಲೇ ಹುಟ್ಟಿವೆ.

1821ರಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ತು ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದನು. ಆದರೆ ಆ ಚಲನೆಯಿಂದ ದುಡಿಸಿಕೊಳ್ಳುವಂಥ ಯಂತ್ರ ರೂಪುಗೊಳ್ಳಲು ಕಮ್ಯುಟೇಟರ್ ಎಂಬ ಅಂಗ ಬೇಕಾಯಿತು. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1832ರಲ್ಲಿ ಅಂಥ ಮೋಟಾರನ್ನು ಮಾಡಿದನು. ಕಮ್ಯುಟೇಟರ್ ಎಂದರೆ ತಿರುಗುವ ದಂಡದ ಮೇಲೆ ಬಿಡಿಬಿಡಿಯಾಗಿ ಕೂರಿಸಿದ ತಾಮ್ರದ ಪಟ್ಟಿಗಳ ಬಳೆ. ಅದರ ಮೇಲೆ ಒತ್ತಿ ಕೂತ ಬ್ರಷ್, ದಂಡ ತಿರುಗಿದಂತೆ ಒಂದು ಪಟ್ಟಿಯನ್ನು ಬಿಟ್ಟು ಇನ್ನೊಂದನ್ನು ಮುಟ್ಟುತ್ತದೆ, ಆಗ ಸುರುಳಿಯಲ್ಲಿ ಹರಿಯುವ ವಿದ್ಯುತ್ತಿನ ದಿಕ್ಕು ಸರಿಯಾದ ಗಳಿಗೆಗೆ ಬದಲಾಗಿ ಮೋಟಾರು ನಿಲ್ಲದೆ ತಿರುಗುತ್ತದೆ. ಈ ಏರ್ಪಾಡು ಸರಳವಾದುದು, ಅಗ್ಗವಾದುದು. ಎರಡೇ ತಂತಿಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಉಜ್ಜಿದಲ್ಲಿ ಸವೆತ, ಕಿಡಿ, ಶಾಖ ತಪ್ಪಿದ್ದಲ್ಲ, ಮತ್ತು ಆ ಕಿಡಿ ರೇಡಿಯೊ ಸಂಕೇತಕ್ಕೆ ಅಡ್ಡಿಮಾಡುವುದರಿಂದ ಆರ್‌ಸಿ ಕಾರುಗಳ ಹಳೆಯ ಮೋಟಾರುಗಳಿಗೆ ಚಿಕ್ಕ ಕೆಪಾಸಿಟರ್‌ಗಳನ್ನು ಬೆಸೆಯುವುದು ಕಡ್ಡಾಯವೆನ್ನುವಷ್ಟು ರೂಢಿಯಾಗಿತ್ತು.

ಬ್ರಷ್ ಇಲ್ಲದ ದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪರ್ಯಾಯ ವಿದ್ಯುತ್ತಿನ ಮೂಲಕ ತೆರೆಯಿತು. ನಿಕೋಲಾ ಟೆಸ್ಲಾ 1888ರಲ್ಲಿ ಬಹುಫೇಸ್ ಮೋಟಾರಿನ ಪೇಟೆಂಟುಗಳನ್ನು ಪಡೆದನು. ಹತ್ತು ವರ್ಷದ ಬಳಿಕ, 1898ರಲ್ಲಿ, ಅದೇ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರೇಡಿಯೊದಿಂದ ನಡೆಯುವ ದೋಣಿಯನ್ನು ಪ್ರದರ್ಶಿಸಿದನು. ಒಬ್ಬನೇ ವ್ಯಕ್ತಿಯ ಕೈಯಲ್ಲಿ ಹುಟ್ಟಿದ ಈ ಎರಡು ಸಂಗತಿಗಳು ಒಂದೇ ಆಟಿಕೆಯೊಳಗೆ ಕೂಡಲು ಸುಮಾರು ನೂರು ವರ್ಷ ಹಿಡಿಯಿತು. ಕನ್ನಡನಾಡಿಗೆ ಮೂರು ಫೇಸಿನ ವಿದ್ಯುತ್ತು ಬೇಗನೆ ಬಂದಿತು: 1902ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ತಂತಿಯೆಳೆದು ಅದನ್ನು ಸಾಗಿಸಲಾಯಿತು. ಮುಂದೆ ಪಂಪ್‌ಸೆಟ್ಟುಗಳ ಜೊತೆ ಅದು ಹೊಲಕ್ಕೂ ಇಳಿಯಿತು. ಪಂಪು ಓಡುತ್ತಿದ್ದರೂ ನೀರು ಎತ್ತದಿದ್ದಾಗ, ಮೋಟಾರು ಉಲ್ಟಾ ತಿರುಗುತ್ತಿದೆಯೆಂದು ತಿಳಿದು ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡುವ ಹಳ್ಳಿಯ ವೈರ್‌ಮ್ಯಾನ್ ಪ್ರಯೋಗಿಸುವ ನಿಯಮವೇ ಅಂಗೈಯಗಲದ ಬ್ರಷ್‌ರಹಿತ ಮೋಟಾರಿಗೂ ಅನ್ವಯಿಸುತ್ತದೆ. ಎರಡೂ ಮೂರು ಫೇಸಿನ ಯಂತ್ರಗಳು. ಒಂದಕ್ಕೆ ಫೇಸುಗಳು ಕಂಬದಿಂದ ಬರುತ್ತವೆ, ಇನ್ನೊಂದಕ್ಕೆ ಬ್ಯಾಟರಿಯ ನೇರ ವಿದ್ಯುತ್ತಿನಿಂದ ಅವುಗಳನ್ನು ಸೃಷ್ಟಿಸಿಕೊಳ್ಳಬೇಕಾಗುತ್ತದೆ.

ಹಾಗೆ ಸೃಷ್ಟಿಸಿಕೊಳ್ಳುವ ಉಪಕರಣ ಬರುವವರೆಗೆ ಆರ್‌ಸಿ ವಾಹನಗಳು ಬ್ರಷ್ ಮೋಟಾರನ್ನೇ ನೆಚ್ಚಿಕೊಂಡಿದ್ದವು. 1957ರ ಜೂನ್ 30ರಂದು ಇಂಗ್ಲೆಂಡಿನ ಕರ್ನಲ್ ಟ್ಯಾಪ್ಲಿನ್ ಬೆಳ್ಳಿ-ಸತುವಿನ ಬ್ಯಾಟರಿಗಳಿಂದ ‘ರೇಡಿಯೊ ಕ್ವೀನ್’ ಎಂಬ ಮಾದರಿ ವಿಮಾನವನ್ನು ಹಾರಿಸಿದ್ದು ರೇಡಿಯೊ ನಿಯಂತ್ರಿತ ವಿದ್ಯುತ್ ಹಾರಾಟದ ಮೊದಲ ದಾಖಲೆಯೆಂದು ಎಣಿಕೆಯಾಗಿದೆ. ನೆಲದ ಮೇಲಿನ ವಾಹನಗಳಿಗೆ ಇಂಥದೇ ಮೈಲಿಗಲ್ಲು 1976. ಜಪಾನಿನ ತಮಿಯಾ ಸಂಸ್ಥೆ ಆ ವರ್ಷ ತನ್ನ ಮೊದಲ ಆರ್‌ಸಿ ಕಾರಾಗಿ ಪೋರ್ಷೆ 934ರ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅಂಥ ಕಾರುಗಳಲ್ಲಿ ಮಬೂಚಿ ಸಂಸ್ಥೆಯ 540 ಎಂಬ ಅಳತೆಯ ಮೋಟಾರು ನೆಲೆಯೂರಿತು. ಸುಮಾರು 36 ಮಿಲಿಮೀಟರ್ ವ್ಯಾಸ, 50 ಮಿಲಿಮೀಟರ್ ಉದ್ದ, ಅಂಗುಲದ ಎಂಟನೆಯ ಒಂದು ಭಾಗವಾದ 3.17 ಮಿಲಿಮೀಟರಿನ ದಂಡ, 25 ಮಿಲಿಮೀಟರ್ ಅಂತರದ ಎರಡು ಸ್ಕ್ರೂ ತೂತುಗಳು ಅದರ ಲಕ್ಷಣ. ಇಂದು ‘3650’ ಎಂಬ ಗುರುತಿನಿಂದ ಮಾರಾಟವಾಗುವ ಬ್ರಷ್‌ರಹಿತ ಮೋಟಾರು ಇದೇ ದೇಹವನ್ನು ಉಳಿಸಿಕೊಂಡಿದೆ: ಮೊದಲೆರಡು ಅಂಕಿ ವ್ಯಾಸವನ್ನು, ಕೊನೆಯೆರಡು ಉದ್ದವನ್ನು ಹೇಳುತ್ತವೆ. ಆಗಿನ ಬ್ಯಾಟರಿಯ ಆರು ನಿಕಲ್-ಕ್ಯಾಡ್ಮಿಯಂ ಕೋಶಗಳು ತಲಾ 1.2 ವೋಲ್ಟಿನಂತೆ 7.2 ವೋಲ್ಟ್ ಕೊಡುತ್ತಿದ್ದವು. ಇಂದಿನ ಲಿಥಿಯಂ-ಪಾಲಿಮರ್ ಬ್ಯಾಟರಿಯ ಎರಡು ಕೋಶಗಳು ತಲಾ 3.7ರಂತೆ 7.4 ವೋಲ್ಟ್ ಕೊಡುತ್ತವೆ. ಎರಡೂ ಹೆಚ್ಚುಕಡಿಮೆ ಹೊಂದಿಕೊಂಡಿದ್ದರಿಂದಲೇ ಹಳೆಯ ಕಾರಿನ ಚೌಕಟ್ಟಿಗೆ ಹೊಸ ಬ್ಯಾಟರಿಯೂ ಹೊಸ ಮೋಟಾರೂ ಸುಲಭವಾಗಿ ಒಗ್ಗಿದವು.

ಬ್ರಷ್‌ರಹಿತ ನೇರ ವಿದ್ಯುತ್ ಮೋಟಾರು 1962ರಲ್ಲಿ ಸೈದ್ಧಾಂತಿಕ ನೆಲೆ ಪಡೆಯಿತು. ಆ ವರ್ಷ ಅಮೆರಿಕದ ಟಿ. ಜಿ. ವಿಲ್ಸನ್ ಮತ್ತು ಪಿ. ಎಚ್. ಟ್ರಿಕಿ ಅವರು ಕಮ್ಯುಟೇಟರಿನ ಕೆಲಸವನ್ನು ಅರೆವಾಹಕ ಸ್ವಿಚ್ಚುಗಳಿಗೆ ವಹಿಸಿದ ಯಂತ್ರವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಈ ರಚನೆಯಲ್ಲಿ ಸುರುಳಿಗಳು ನಿಂತ ಭಾಗವಾದ ಸ್ಟೇಟರಿನಲ್ಲಿರುತ್ತವೆ, ಅಯಸ್ಕಾಂತಗಳು ತಿರುಗುವ ಭಾಗವಾದ ರೋಟರಿನಲ್ಲಿರುತ್ತವೆ; ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ಅಗತ್ಯವೇ ಇಲ್ಲ. ಆದರೂ ಇದು ಆಟದ ಮೈದಾನಕ್ಕೆ ಬರಲು ಇನ್ನೆರಡು ಸಂಗತಿಗಳು ಕೂಡಿಬರಬೇಕಿತ್ತು. ಮೊದಲನೆಯದು 1970ರ ದಶಕದ ಕೊನೆಗೆ ಬಂದ ಪವರ್ ಮಾಸ್‌ಫೆಟ್, ಅಂದರೆ ಹೆಚ್ಚು ವಿದ್ಯುತ್ತನ್ನು ಕಡಿಮೆ ನಷ್ಟದಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ಹಚ್ಚಿ ಆರಿಸಬಲ್ಲ ಅರೆವಾಹಕ. ಎರಡನೆಯದು ನಿಯೋಡಿಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತ. ಜಪಾನಿನ ಸುಮಿಟೊಮೊದಲ್ಲಿ ಮಸಾಟೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಜಾನ್ ಕ್ರೋಟ್ 1980ರ ದಶಕದ ಮೊದಲ ವರ್ಷಗಳಲ್ಲಿ ಬೇರೆಬೇರೆಯಾಗಿ ಅದನ್ನು ಸಾಧಿಸಿದರು. ಹೀಗೆ ಚಿಕ್ಕ ಗಾತ್ರದಲ್ಲಿ ದೊಡ್ಡ ಬಲ ದೊರೆಯಿತು.

ಮುಂದಿನ ಹೆಜ್ಜೆಯನ್ನು ಇಟ್ಟವರಲ್ಲಿ ಹವ್ಯಾಸಿಗಳು ಮುಖ್ಯರು. ಸುಮಾರು 2000ದ ಹೊತ್ತಿಗೆ ಜರ್ಮನಿಯ ಲೂಕಾಸ್, ರೆಟ್ಸ್‌ಬಾಖ್, ಕ್ಯೂಫಸ್ ಎಂಬ ಮೂವರು 12 ಹಲ್ಲುಗಳ ಸ್ಟೇಟರಿನ ಹೊರಗೆ 14 ಅಯಸ್ಕಾಂತಗಳ ಬಟ್ಟಲು ತಿರುಗುವ ಮೋಟಾರನ್ನು ಮನೆಯಲ್ಲೇ ಸುತ್ತಿಕೊಳ್ಳುವ ಬಗೆಯನ್ನು ಪ್ರಚುರಪಡಿಸಿದರು; ಅವರ ಹೆಸರಿನ ಮೊದಲಕ್ಷರಗಳಿಂದ ಅದು ಎಲ್‌ಆರ್‌ಕೆ ಎನಿಸಿಕೊಂಡಿತು. ಹಾಳಾದ ಸಿಡಿ ಡ್ರೈವ್‌ಗಳ ಮೋಟಾರುಗಳನ್ನು ಬಿಚ್ಚಿ, ಮರುಸುತ್ತಿ, ಬಲವಾದ ಅಯಸ್ಕಾಂತ ಅಂಟಿಸಿ ಹಾರಿಸುವ ಪದ್ಧತಿಯೂ ಅದೇ ಕಾಲದ್ದು. ಹೊರಬಟ್ಟಲು ತಿರುಗುವ ಈ ಬಗೆಗೆ ಔಟ್‌ರನ್ನರ್ ಎಂದೂ, ದಂಡ ಒಳಗೆ ತಿರುಗುವ 3650ರಂಥವಕ್ಕೆ ಇನ್‌ರನ್ನರ್ ಎಂದೂ ಹೆಸರು. ನಿಧಾನವಾಗಿ ತಿರುಗಿ ಹೆಚ್ಚು ತಿರುಚುಬಲ ಕೊಡುವ ಔಟ್‌ರನ್ನರ್ ಡ್ರೋನಿನ ಪ್ರೊಪೆಲ್ಲರಿಗೆ ಒಗ್ಗಿತು, ವೇಗದ ಇನ್‌ರನ್ನರ್ ಹಲ್ಲುಗಾಲಿಗಳಿರುವ ಕಾರಿಗೆ ಒಗ್ಗಿತು.

ಕಾರು ಓಟದ ವಲಯದಲ್ಲಿ ಈ ಬದಲಾವಣೆ ಒಂದು ಕಸುಬನ್ನೇ ಅಳಿಸಿತು. ಬ್ರಷ್ ಕಾಲದಲ್ಲಿ ಓಟಕ್ಕೆ ಮುನ್ನ ಕಮ್ಯುಟೇಟರನ್ನು ಪುಟ್ಟ ಲೇತಿನಲ್ಲಿ ಕಡೆದು ನುಣುಪಾಗಿಸುವುದು, ಬ್ರಷ್‌ನ ಗಡಸುತನವನ್ನೂ ಸ್ಪ್ರಿಂಗಿನ ಒತ್ತಡವನ್ನೂ ಹೊಂದಿಸುವುದು ನುರಿತವರ ಕೆಲಸವಾಗಿತ್ತು. ಅದರ ಒಂದು ಗುರುತು ಮಾತ್ರ ಉಳಿದಿದೆ: ಸುರುಳಿಯ ಸುತ್ತುಗಳ ಲೆಕ್ಕದಲ್ಲಿ ಮೋಟಾರನ್ನು ವರ್ಗೀಕರಿಸುವ ಪದ್ಧತಿ. ಹಳೆಯ ಓಟಗಳಲ್ಲಿ 27 ಸುತ್ತಿನ ಮೋಟಾರು ಸಾಮಾನ್ಯ ವರ್ಗದ್ದಾಗಿತ್ತು. ಆ ಸ್ಥಾನಕ್ಕೆ 17.5 ಸುತ್ತಿನ ಬ್ರಷ್‌ರಹಿತ ಮೋಟಾರು ಬಂದಿತು. ಅರ್ಧ ಸುತ್ತು ಏಕೆಂದರೆ, ಪ್ರತಿ ಸುರುಳಿಯ ತಂತಿ ಸ್ಟೇಟರಿನ ಒಂದು ತುದಿಯಿಂದ ಒಳಹೊಕ್ಕು, ಮೂರೂ ಸುರುಳಿಗಳು ಸೇರುವ ಇನ್ನೊಂದು ತುದಿಯಲ್ಲಿ ಕೊನೆಯಾಗುತ್ತದೆ.

ಭಾರತದಲ್ಲಿ ಈ ಕತೆ ತಡವಾಗಿ ಆರಂಭವಾಯಿತು. ಎನ್‌ಸಿಸಿಯ ವಾಯುದಳದಲ್ಲಿ ಮಾದರಿ ವಿಮಾನ ಕಟ್ಟುವ ತರಬೇತಿ ಬಹುಕಾಲದಿಂದ ಇದ್ದರೂ ಅದು ಮುಖ್ಯವಾಗಿ ಪುಟ್ಟ ಎಂಜಿನ್‌ಗಳ ಲೋಕವಾಗಿತ್ತು. ಆಮದಿನ ಮೇಲೆ ಉಳಿದಿದ್ದ ಪರಿಮಾಣ ನಿರ್ಬಂಧಗಳು 2001ರ ಏಪ್ರಿಲ್ 1ರಂದು ತೆರವಾದವು. 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯ ಅಗತ್ಯವನ್ನು ಕೇಂದ್ರ ಸರ್ಕಾರ ತೆಗೆದುಹಾಕಿತು. ವೈಫೈಗೆ ದಾರಿಮಾಡಿದ ಈ ಆದೇಶ, ಅದೇ ತರಂಗಪಟ್ಟಿಯನ್ನು ಬಳಸುವ ಆರ್‌ಸಿ ಪ್ರೇಷಕಗಳಿಗೂ ನೆಲೆ ಒದಗಿಸಿತು.

ಗಚ್ಚಿಬೌಲಿ ಬೆಳೆದದ್ದು ಸರಿಸುಮಾರು ಇದೇ ಅವಧಿಯಲ್ಲಿ. 1974ರಲ್ಲಿ ಸ್ಥಾಪಿತವಾದ ಹೈದರಾಬಾದ್ ವಿಶ್ವವಿದ್ಯಾಲಯ ಬಂಡೆ, ಕೆರೆ, ಕುರುಚಲು ಕಾಡುಗಳ ನಡುವಿನ ಈ ಹೊರವಲಯದಲ್ಲಿ ನೆಲೆಸಿತು. 1998ರಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಐಐಐಟಿ ಆರಂಭವಾಯಿತು. 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣ ಎದ್ದಿತು. 2008ರಲ್ಲಿ ಗಚ್ಚಿಬೌಲಿಯಿಂದ ಶಂಷಾಬಾದಿಗೆ ಹೊರವರ್ತುಲ ರಸ್ತೆ ತೆರೆಯಿತು. ಐಐಐಟಿಯ ರೋಬಾಟಿಕ್ಸ್ ಸಂಶೋಧನಾ ಕೇಂದ್ರ ಡ್ರೋನು ಮತ್ತು ಚಾಲಕರಹಿತ ವಾಹನಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ಅದೇ ಆವರಣದಲ್ಲಿ 2015ರ ನವೆಂಬರ್‌ನಲ್ಲಿ ನವೋದ್ಯಮಗಳಿಗಾಗಿ ಟಿ-ಹಬ್ ಆರಂಭವಾಯಿತು; ಪಕ್ಕದ ರಾಯದುರ್ಗದಲ್ಲಿ 2023ರ ಮಾರ್ಚ್‌ನಲ್ಲಿ ಮಾದರಿ ಯಂತ್ರಗಳನ್ನು ತಯಾರಿಸಿಕೊಳ್ಳಲು ಟಿ-ವರ್ಕ್ಸ್ ತೆರೆಯಿತು. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೂ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದ ಭಾಗವಾಗಿದ್ದವು. ಆ ಭಾಗದ ಕನ್ನಡಿಗರಿಗೆ ಓದಿಗೂ ಉದ್ಯೋಗಕ್ಕೂ ಈ ನಗರ ಇಂದಿಗೂ ಹತ್ತಿರದ್ದು.

ನಗರದ ಹಳೆಯ ತಾಂತ್ರಿಕ ಪರಂಪರೆಗೂ ಗಚ್ಚಿಬೌಲಿಯ ಪರಂಪರೆಗೂ ಇರುವ ವ್ಯತ್ಯಾಸ ಗಮನಾರ್ಹವಾದುದು. ರಾಮಚಂದ್ರಾಪುರದ ಬಿಎಚ್‌ಇಎಲ್, 1967ರ ಇಸಿಐಎಲ್, ರಕ್ಷಣಾ ಸಂಶೋಧನಾಲಯಗಳು ಎರಕ, ಲೇತು, ವೈಂಡಿಂಗ್‌ಗಳನ್ನು ತಮ್ಮ ಗೋಡೆಯೊಳಗೇ ಇಟ್ಟುಕೊಂಡ ಸಂಸ್ಥೆಗಳು. ಗಚ್ಚಿಬೌಲಿಯ ಪ್ರಯೋಗಶಾಲೆಗೆ ಮೋಟಾರು ಸಿದ್ಧವಸ್ತುವಾಗಿ ಬರುತ್ತದೆ, ಕೊರಿಯರ್‌ನಲ್ಲೋ ಕೋಠಿಯ ಗುಜರಾತಿ ಗಲ್ಲಿಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಿಂದಲೋ. ಇಲ್ಲಿ ನಡೆಯುವುದು ಆಯ್ಕೆ, ಬೆಸುಗೆ ಮತ್ತು ಪ್ರೋಗ್ರಾಮಿಂಗ್. ಕಮ್ಯುಟೇಟರಿನ ಕೆಲಸ ತಾಮ್ರದಿಂದ ಅರೆವಾಹಕಕ್ಕೂ ಅಲ್ಲಿಂದ ಸಾಫ್ಟ್‌ವೇರಿಗೂ ಸರಿದ ಮೇಲಷ್ಟೇ, ಎರಕದ ಮನೆಯಿಲ್ಲದ ಊರೊಂದು ವಾಹನ ಕಟ್ಟುವ ಊರಾಗಲು ಸಾಧ್ಯವಾಯಿತು.

ಕಾನೂನು ಈ ಬೆಳವಣಿಗೆಯನ್ನು ಒಮ್ಮೆ ತಡೆದು ಮತ್ತೆ ಬಿಟ್ಟಿತು. 2014ರ ಅಕ್ಟೋಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಖಾಸಗಿ ಡ್ರೋನುಗಳ ಬಳಕೆಯನ್ನು ನಿಷೇಧಿಸಿತು. 2018ರ ಡಿಸೆಂಬರ್ 1ರಿಂದ ನಿಯಮಬದ್ಧ ಹಾರಾಟಕ್ಕೆ ಅವಕಾಶವಾಯಿತು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು ಅದನ್ನು ಸರಳಗೊಳಿಸಿದವು. ಮರುತಿಂಗಳೇ, ಕಲಬುರಗಿ ಜಿಲ್ಲೆಯ ಗಡಿಗೆ ತಾಗಿದ ವಿಕಾರಾಬಾದಿನಲ್ಲಿ, ಔಷಧ ಮತ್ತು ಲಸಿಕೆಗಳನ್ನು ಡ್ರೋನಿನಲ್ಲಿ ಸಾಗಿಸುವ ತೆಲಂಗಾಣ ಸರ್ಕಾರದ ಪ್ರಯೋಗ ಆರಂಭವಾಯಿತು. 2022ರ ಫೆಬ್ರವರಿಯಲ್ಲಿ ಕೇಂದ್ರವು ಸಿದ್ಧ ಡ್ರೋನುಗಳ ಆಮದನ್ನು ನಿಷೇಧಿಸಿ ಬಿಡಿಭಾಗಗಳ ಆಮದನ್ನು ಉಳಿಸಿದ್ದರಿಂದ, ಬಿಡಿ ಮೋಟಾರನ್ನು ಆರಿಸಿ ಜೋಡಿಸುವ ವಿದ್ಯೆಗೆ ಹೊಸ ಬೆಲೆ ಬಂದಿತು.

ಈ ಆಯ್ಕೆಯಲ್ಲಿ ದೇಹದ ಅಳತೆಯ ಬಳಿಕ ನೋಡುವ ಅಂಕಿ ಕೆವಿ. ಇಲ್ಲಿ ಕೆವಿ ಎಂದರೆ ಕಿಲೋವೋಲ್ಟ್ ಅಲ್ಲ. ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬ ಲೆಕ್ಕ. 3500 ಕೆವಿಯ 3650 ಮೋಟಾರು 7.4 ವೋಲ್ಟಿನಲ್ಲಿ ನಿಮಿಷಕ್ಕೆ 25,900 ಸುತ್ತು ತಿರುಗಬೇಕು. ಅದರೊಳಗೆ ನಾಲ್ಕು ಧ್ರುವಗಳು, ಅಂದರೆ ಎರಡು ಧ್ರುವಜೋಡಿಗಳಿದ್ದರೆ ವಿದ್ಯುತ್ ಆವರ್ತಗಳು ನಿಮಿಷಕ್ಕೆ 51,800. ಪ್ರತಿ ಆವರ್ತಕ್ಕೆ ಆರು ಬಾರಿ ಫೇಸು ಬದಲಾಗಬೇಕಾದ್ದರಿಂದ ಇಎಸ್‌ಸಿ ಎಂಬ ಎಲೆಕ್ಟ್ರಾನಿಕ್ ವೇಗ ನಿಯಂತ್ರಕ ಸೆಕೆಂಡಿಗೆ 5,180 ಬಾರಿ ಆ ಕೆಲಸ ಮಾಡುತ್ತದೆ. ಬ್ರಷ್ ಕಳಚಿದ ಮೇಲೆ ಅದರ ಹೊಣೆ ಸೇರಿದ್ದು ಈ ಪೆಟ್ಟಿಗೆಗೆ. ಆದುದರಿಂದ ಮೋಟಾರನ್ನು ಮಾತ್ರ ಆರಿಸುವುದೆಂಬುದಿಲ್ಲ. ಮೋಟಾರು, ನಿಯಂತ್ರಕ, ಬ್ಯಾಟರಿ ಈ ಮೂರನ್ನೂ ಒಂದೇ ಯಂತ್ರವೆಂದು ಎಣಿಸಿ ಆರಿಸಬೇಕಾಗುತ್ತದೆ.

ಕೆವಿ ಹೆಚ್ಚಿದಷ್ಟೂ ಶಕ್ತಿ ಹೆಚ್ಚೆಂಬುದು ತಪ್ಪು ತಿಳಿವಳಿಕೆ. ಪ್ರತಿ ಆಂಪಿಯರಿಗೆ ದೊರೆಯುವ ತಿರುಚುಬಲವನ್ನು ನ್ಯೂಟನ್-ಮೀಟರಿನಲ್ಲಿ ತಿಳಿಯಲು 9.55 ಅನ್ನು ಕೆವಿಯಿಂದ ಭಾಗಿಸಬೇಕು: 1000 ಕೆವಿಗೆ ಅದು 0.00955, 3500 ಕೆವಿಗೆ ಕೇವಲ 0.0027. ವೇಗದ ಮೋಟಾರಿಗೆ ಭಾರ ಹೊರಿಸಿದರೆ ಅದು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಗಾಳಿಯೇ 40 ಡಿಗ್ರಿ ದಾಟುವ ಹೈದರಾಬಾದಿನ ಬೇಸಿಗೆಯಲ್ಲಿ ಆ ಮಿತಿಯವರೆಗೆ ಉಳಿಯುವ ಅಂತರ ಇನ್ನೂ ಕಡಿಮೆ. ಕಾರಿಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯನ್ನು ಆರಿಸುವಾಗ ಒಂದೆರಡು ಹಲ್ಲು ಕಡಿಮೆಯಿರುವುದನ್ನೇ ಹಾಕುವುದು ಇಂಥ ಕಡೆ ವಿವೇಕ. ಕಾಲೇಜು ಪ್ರಾಜೆಕ್ಟುಗಳ ಡ್ರೋನುಗಳಲ್ಲಿ ಕಾಣಸಿಗುವ 2212 ಔಟ್‌ರನ್ನರಿನಲ್ಲಿ ಅಂಕಿಗಳ ಅರ್ಥ ಬೇರೆ: 22 ಮತ್ತು 12 ಮಿಲಿಮೀಟರ್‌ಗಳು ಹೊರಮೈಯ ಅಳತೆಗಳಲ್ಲ, ಒಳಗಿನ ಸ್ಟೇಟರಿನ ವ್ಯಾಸ ಮತ್ತು ಎತ್ತರ. 1000 ಕೆವಿಯ ಇಂಥ ಮೋಟಾರಿಗೆ 11.1 ವೋಲ್ಟಿನ ಮೂರು ಕೋಶಗಳ ಬ್ಯಾಟರಿ, ಹತ್ತು ಅಂಗುಲದ ಪ್ರೊಪೆಲ್ಲರ್, 30 ಆಂಪಿಯರಿನ ನಿಯಂತ್ರಕ ಎಂಬುದು ರೂಢಿಯ ಜೋಡಿ.

ಮುಂದಿನ ಪ್ರಶ್ನೆ ಸೆನ್ಸರಿನದು. ಯಾವ ಫೇಸನ್ನು ಯಾವಾಗ ಬದಲಿಸಬೇಕೆಂದು ತಿಳಿಯಲು ನಿಯಂತ್ರಕಕ್ಕೆ ರೋಟರ್ ಎಲ್ಲಿದೆಯೆಂಬ ಅರಿವು ಬೇಕು. ಎಡ್ವಿನ್ ಹಾಲ್ 1879ರಲ್ಲಿ ಕಂಡ ಪರಿಣಾಮವನ್ನು ಬಳಸುವ ಮೂರು ಸೆನ್ಸರುಗಳು ಅಯಸ್ಕಾಂತದ ಸ್ಥಾನವನ್ನು ಹೇಳುವುದು ಒಂದು ಬಗೆ. ಸೆನ್ಸರಿಲ್ಲದ ಬಗೆಯಲ್ಲಿ, ಯಾವುದೇ ಗಳಿಗೆಯಲ್ಲಿ ಎರಡು ಫೇಸುಗಳಿಗೆ ಮಾತ್ರ ವಿದ್ಯುತ್ತು ಹರಿಯುವುದರಿಂದ, ಖಾಲಿ ಉಳಿದ ಮೂರನೆಯದರಲ್ಲಿ ತಿರುಗುವ ಅಯಸ್ಕಾಂತ ಹುಟ್ಟಿಸುವ ಹಿಮ್ಮುಖ ವೋಲ್ಟೇಜನ್ನು ಅಳೆಯಲಾಗುತ್ತದೆ. ನಿಂತ ಮೋಟಾರಿನಲ್ಲಿ ಈ ವೋಲ್ಟೇಜು ಸೊನ್ನೆ. ಆದ್ದರಿಂದಲೇ ಸೆನ್ಸರಿಲ್ಲದ ಕಾರು ಹೊರಡುವಾಗ ನಡುಗಿ ತಡವರಿಸುತ್ತದೆ. ಹೊರಟ ಕ್ಷಣದಿಂದಲೇ ಗಾಳಿಯ ಹೊರೆ ಮಾತ್ರವಿರುವ ಪ್ರೊಪೆಲ್ಲರಿಗೆ ಈ ದೋಷ ಬಾಧಿಸದು. ಬಂಡೆಯ ಮೇಲೆ ನಿಧಾನ ಹತ್ತುವ ವಾಹನಕ್ಕೂ ಅಳೆದು ನಡೆಯಬೇಕಾದ ರೋಬಾಟಿಗೂ ಸೆನ್ಸರಿರುವುದೇ ಲೇಸು.

ತಂತಿ ಜೋಡಣೆಯ ನಿಯಮಗಳೂ ಇದೇ ತರ್ಕವನ್ನು ಅನುಸರಿಸುತ್ತವೆ. ಸೆನ್ಸರಿಲ್ಲದ ಮೋಟಾರಿನ ಮೂರು ತಂತಿಗಳನ್ನು ನಿಯಂತ್ರಕದ ಮೂರು ತಂತಿಗಳಿಗೆ ಯಾವ ಕ್ರಮದಲ್ಲಿ ಸೇರಿಸಿದರೂ ಹಾನಿಯಿಲ್ಲ, ಉಲ್ಟಾ ತಿರುಗಿದರೆ ಎರಡನ್ನು ಬದಲಿಸಿದರೆ ಸಾಕು. ಸೆನ್ಸರಿರುವ ಮೋಟಾರಿನಲ್ಲಿ ಎ, ಬಿ, ಸಿ ಗುರುತುಗಳು ತಪ್ಪದೆ ಹೊಂದಬೇಕು. ಸೆನ್ಸರ್ ಹೇಳುವ ಸ್ಥಾನಕ್ಕೂ ವಿದ್ಯುತ್ತು ಹರಿಯುವ ಫೇಸಿಗೂ ತಾಳೆಯಿಲ್ಲದಿದ್ದರೆ ಮೋಟಾರು ತಿರುಗದೆ ಬಿಸಿಯೇರುತ್ತದೆ. ಬ್ಯಾಟರಿಯ ಬದಿಯಲ್ಲಂತೂ ಕೆಂಪು-ಕಪ್ಪು ಅದಲುಬದಲಾದರೆ ನಿಯಂತ್ರಕ ಅದೇ ಕ್ಷಣ ಸುಡುತ್ತದೆ. ಬ್ಯಾಟರಿಯ ತಂತಿಯನ್ನು ಉದ್ದ ಮಾಡುವುದೂ ಅಪಾಯ: ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಕೂಡುವ ವಿದ್ಯುತ್ತಿನಿಂದ ಉದ್ದ ತಂತಿಯಲ್ಲಿ ಏಳುವ ವೋಲ್ಟೇಜಿನ ಹೊಡೆತ ಮಾಸ್‌ಫೆಟ್ಟುಗಳನ್ನು ಕೊಲ್ಲುತ್ತದೆ, ಅದನ್ನು ನುಂಗಲೆಂದೇ ನಿಯಂತ್ರಕದ ಬಾಯಲ್ಲಿ ಕೆಪಾಸಿಟರುಗಳಿರುತ್ತವೆ. ಉದ್ದ ಬೇಕಾದಲ್ಲಿ ಮೋಟಾರಿನ ಬದಿಯ ತಂತಿಗಳನ್ನು ಬೆಳೆಸುವುದು ಸಾಮಾನ್ಯವಾಗಿ ಕಡಿಮೆ ಅಪಾಯದ್ದು. ರಿಸೀವರಿಗೆ ಹೋಗುವ ಮೂರೆಳೆಯ ಸಣ್ಣ ತಂತಿಯ ನಡುವಿನ ಕೆಂಪೆಳೆ, ನಿಯಂತ್ರಕದೊಳಗಿನ ಬಿಇಸಿ ಎಂಬ ಮಂಡಲದಿಂದ ಸುಮಾರು 5 ಅಥವಾ 6 ವೋಲ್ಟ್ ಒಯ್ಯುತ್ತದೆ.

ಪಂಪ್‌ಸೆಟ್ಟಿನ ಸ್ಟಾರ್-ಡೆಲ್ಟಾ ಬಲ್ಲವರಿಗೆ ಇನ್ನೊಂದು ಸಂಗತಿಯೂ ಪರಿಚಿತವೆನಿಸುತ್ತದೆ: ಅದೇ ಸುರುಳಿಗಳನ್ನು ಸ್ಟಾರಿನ ಬದಲು ಡೆಲ್ಟಾದಲ್ಲಿ ಕಟ್ಟಿದರೆ ಕೆವಿ ಸುಮಾರು 1.73 ಪಟ್ಟು ಏರುತ್ತದೆ, ಪ್ರತಿ ಆಂಪಿಯರಿನ ತಿರುಚುಬಲ ಅಷ್ಟೇ ಪಾಲು ಇಳಿಯುತ್ತದೆ. ಬೀದರ್, ಕಲಬುರಗಿಗಳ ಮೋಟಾರ್ ವೈಂಡಿಂಗ್ ಅಂಗಡಿಗಳ ಕೈಚಳಕಕ್ಕೂ ಗಚ್ಚಿಬೌಲಿಯ ಪ್ರಯೋಗಶಾಲೆಯ ಲೆಕ್ಕಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಭೇದವಿರುವುದು ಅಯಸ್ಕಾಂತದಲ್ಲಿ. ನಿಯೋಡಿಮಿಯಂನಂಥ ವಿರಳ ಭಸ್ಮ ಲೋಹಗಳ ಅಯಸ್ಕಾಂತಗಳ ತಯಾರಿಕೆ ಬಹುಪಾಲು ಚೀನಾದ ಕೈಯಲ್ಲಿದ್ದು, 2025ರ ಏಪ್ರಿಲ್‌ನಲ್ಲಿ ಆ ದೇಶ ಇಂಥ ಹಲವು ಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ಭಾರತದ ವಿದ್ಯುತ್ ವಾಹನೋದ್ಯಮಕ್ಕೂ ಬಿಸಿ ತಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಸಾಮರ್ಥ್ಯಕ್ಕಾಗಿ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ಬ್ರಷ್‌ನ ಕೆಲಸವನ್ನು ಅರೆವಾಹಕಕ್ಕೂ ಸಾಫ್ಟ್‌ವೇರಿಗೂ ವಹಿಸಿದ ಬದಲಾವಣೆಯ ಫಲವನ್ನು ಗಚ್ಚಿಬೌಲಿ ಚೆನ್ನಾಗಿಯೇ ಉಂಡಿದೆ. ಮೋಟಾರನ್ನು ಮೂಲದಿಂದ ತಯಾರಿಸುವ ಸಾಮರ್ಥ್ಯವನ್ನು ಮಾತ್ರ ದೇಶ ಇನ್ನೂ ಗಳಿಸಿಕೊಳ್ಳಬೇಕಾಗಿದೆ.